ನಾಲ್ಕನೆಯ ಎಲೆ

ಮೊದಲು ಸಿಹಿ ಸುದ್ದಿ ಹೇಳಿಬಿಡುತ್ತೇನೆ, ಹಿಂದಿನದು ಮುಂದಿನದು ಆಮೇಲೆ. ನನ್ನ ಮೊಮ್ಮಗಳು ರೇಣುಕಾ ಬರೆದ ಸಂಶೋಧನೆಯ ಲೇಖನಕ್ಕೆ ಹಾಕಿದ್ದ ಕೀಲಿ ಇವತ್ತು ಬೆಳಿಗ್ಗೆ ತೆರೆಯಿತು! ಇನ್ನು ಮೇಲೆ ಅದನ್ನು ಯಾರು ಬೇಕಾದರೂ ಕಟ್ಟೆಯ ಮೇಲೆ ಕೂತು ಫೋನಿನಲ್ಲೇ ಪುಕ್ಕಟೆ ಓದಬಹುದು. ಗಲಗಲಿಯ ನಮ್ಮ ಓಣಿಯಲ್ಲಿ ಕೈಗೆ ಸಿಕ್ಕವರಿಗೆಲ್ಲ ಹೇಳಿದ್ದೇನೆ. ಹಾಲಿನವನಿಗೆ ಎರಡು ಸಲ ಹೇಳಿದೆ. ಮೂರನೇ ಸಲ ಬಾಯಿ ತೆಗೆಯುವಷ್ಟರಲ್ಲಿ ಅವನು ಗಾಡಿ ಚಾಲೂ ಮಾಡಿಕೊಂಡು ಹೋದ. ಸಂತೋಷವಾದರೆ ನನಗೆ ಕಣ್ಣಲ್ಲಿ ನೀರು ಬರುವ ಕೆಟ್ಟ ಚಟ ಒಂದಿದೆ. ಇವತ್ತು ಸ್ವಲ್ಪ ಜಾಸ್ತಿಯೇ ಬಂತು. ಈ ಸುದ್ದಿಯನ್ನು ಎಲ್ಲರಿಗಿಂತ ಮೊದಲು ಕೇಳಬೇಕಾಗಿದ್ದವಳು ನನ್ನ ಹೆಂಡತಿ ಕಲ್ಲವ್ವ. ಅವಳು ಹೋಗಿ ನಾಲ್ಕು ವರ್ಷವಾಯಿತು.

ನಾನು ಸಾಲಿ ಕಲಿತದ್ದು ಮೂರನೇ ಇಯತ್ತೆ ತನಕ. ಅಲ್ಲಿಂದ ಮುಂದೆ ಕುರಿಗಳೇ ಕಲಿಸಿದವು. ಆದರೆ ನಮ್ಮ ಮನೆತನಕ್ಕೆ ಒಂದು ಹೆಸರಿತ್ತು. ಕುರಿಯ ಗಾಯದಲ್ಲಿ ಹುಳ ಬಿದ್ದರೆ ಸುತ್ತ ಹತ್ತೂರಿನವರು ನಮ್ಮ ಹಟ್ಟಿಗೇ ಹೊತ್ತು ತರುತ್ತಿದ್ದರು. ಔಷಧ ನನ್ನಪ್ಪ ಹಿರಿಯ ಮಗನಾದ ನನ್ನ ಕಿವಿಯಲ್ಲಿ ಹೇಳಿದ್ದು. ಹೇಳುವ ಮೊದಲು ಬೀರೇಶ್ವರನ ಭಂಡಾರದ ಅರಿಶಿನ ಮುಟ್ಟಿಸಿ ಆಣೆ ತಗೊಂಡಿದ್ದ. ಯಾರಿಗೂ ಹೇಳಬಾರದು, ಹೆಂಡತಿಗೂ ಹೇಳಬಾರದು, ಹೇಳಿದರೆ ಔಷಧದ ಗುಣ ಹೋಗುತ್ತದೆ. ಜನ ಹಿಂದೆ ಹಿಂದೆ ಬಂದು ನೋಡುತ್ತಾರಲ್ಲ, ಅದಕ್ಕೂ ಅಪ್ಪನೇ ಉಪಾಯ ಕಲಿಸಿದ್ದ. ಮೂರು ಥರದ ಎಲೆಗಳನ್ನು ಎಲ್ಲರಿಗೂ ಕಾಣುವ ಹಾಗೆ ಕಿತ್ತು ಕೈಯಲ್ಲಿ ಹಿಡಿದು ಬರುವುದು. ಅವು ಮೂರೂ ಬರೇ ತೋರಿಕೆಗೆ. ಖರೆ ಔಷಧದ ನಾಲ್ಕನೆಯ ಎಲೆ ಕಂಬಳಿಯೊಳಗೆ. ಅರೆಯುವಾಗ ಮೂರನ್ನು ಮೆಲ್ಲಗೆ ಬಿಸಾಕುವುದು. ಈ ನಾಟಕವನ್ನು ನಾನು ಎಷ್ಟು ಚೆನ್ನಾಗಿ ಮಾಡುತ್ತಿದ್ದೆನೆಂದರೆ, ನಮ್ಮ ಟಗರಿಗೆ ಕೈ ಇದ್ದಿದ್ದರೆ ಅದೂ ಚಪ್ಪಾಳೆ ಹೊಡೆಯುತ್ತಿತ್ತು.

ಕಲ್ಲವ್ವ ಮಾತ್ರ ಮರುಳಾಗಲಿಲ್ಲ. ಊಟಕ್ಕೆ ಕೂತಾಗ ಮೆಲ್ಲಗೆ ವಿಷಯ ತೆಗೆಯುತ್ತಿದ್ದಳು. ನಾನು ಉತ್ತರ ಕೊಡುವ ಬದಲು ರೊಟ್ಟಿಯನ್ನು ಅಗಿಯುತ್ತಲೇ ಇರುತ್ತಿದ್ದೆ. "ನೀವು ಬಾಳೊತ್ತು ಅಗದ್ರ ಏನೋ ಮುಚ್ಚಿಟ್ಟೀರಂತನ ಅರ್ಥರಿ," ಎನ್ನುತ್ತಿದ್ದಳು. "ನಿಮ್ಮ ಮನಿತನದಾವ್ರು ಬಾಯಿಗೆ ಕೀಲಿ ಹಾಕ್ಕೊಂಡ ಹುಟ್ಟೀರಿ."

ಅವಳ ತವರು ರನ್ನ ಬೆಳಗಲಿ. ಅಲ್ಲಿಂದ ಬರುವಾಗ ಒಂದು ಕೆಂಚು ಕುರಿ ತಂದಿದ್ದಳು. ಅದು ಹಿಂಡಿನಲ್ಲಿ ಮೇಯುವ ಕುರಿಯಲ್ಲ, ಅಡಿಗೆಮನೆಯ ಬಾಗಿಲಲ್ಲಿ ನಿಂತು ಅವಳ ಜೊತೆ ಮಾತಾಡುವ ಕುರಿ. ಒಂದು ಮಳೆಗಾಲದಲ್ಲಿ ನಾನು ಹಿಪ್ಪರಗಿ ಕಡೆಯ ಹೊಲಗಳಲ್ಲಿ ಗೊಬ್ಬರಕ್ಕಾಗಿ ಕುರಿ ನಿಲ್ಲಿಸಲು ಹೋಗಿದ್ದೆ. ಆಗ ಫೋನು ಎಲ್ಲಿತ್ತು? ಹದಿನೈದು ದಿನ ಬಿಟ್ಟು ಬಂದರೆ ಹಿತ್ತಲಲ್ಲಿ ಹಗ್ಗ ಇತ್ತು, ಕುರಿ ಇರಲಿಲ್ಲ. ಮುಳ್ಳು ಚುಚ್ಚಿದ ಕಾಲಿಗೆ ಹುಳ ಬಿದ್ದು ಸತ್ತಿತ್ತು. ಒರಳಿನಲ್ಲಿ ಅರೆದ ಎಲೆ ಒಣಗಿ ಹತ್ತಿಕೊಂಡಿತ್ತು. ಮೂಸಿ ನೋಡಿದೆ. ನಾನು ಊರಿಗೆಲ್ಲ ತೋರಿಸಿಕೊಂಡು ತರುತ್ತಿದ್ದ ಅವೇ ಮೂರು ಎಲೆ.

"ಮೂರೂ ಅರದ ಹಚ್ಚಿದ್ನಿರಿ," ಎಂದಳು ಕಲ್ಲವ್ವ. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ, ತಲೆ ವಾರೆ ಮಾಡಿ ಕೇಳಿದಳು: "ನಾಕನೇದು ಐತೇನ್ರಿ?"

ನಾನು ಕೆಳಗೆ ಬಿದ್ದಿದ್ದ ಹಗ್ಗ ಸುತ್ತತೊಡಗಿದೆ. ಕುರಿಯನ್ನು ಕಟ್ಟಿದ್ದ ಗಿಡದ ಬುಡದಲ್ಲೇ ನಿಂತಿದ್ದೆವು. ಅದು ಸೀತಾಫಲದ ಗಿಡ. ನಾಲ್ಕನೆಯ ಎಲೆ ಅದರದೇ. ಅವಳ ತಲೆಗೆ ತಾಗುವ ಹಾಗೆ ತೂಗುತ್ತಿತ್ತು. ಆಮೇಲೆ ಅವಳು ಆ ಮಾತನ್ನು ಮತ್ತೆ ಎಂದೂ ಎತ್ತಲಿಲ್ಲ. ಆ ಗಿಡದ ಹಣ್ಣನ್ನು ವರ್ಷಾ ವರ್ಷಾ ನನಗೆ ಬಿಡಿಸಿ ಕೊಟ್ಟಳು, ಬೀಜ ತೆಗೆದು.

ಅವಳು ಹೋದ ಮೇಲೆ ರೇಣುಕಾ ಪಶುವೈದ್ಯ ಕಾಲೇಜಿನಲ್ಲಿ ದೊಡ್ಡ ಓದು ಓದಲು ಹತ್ತಿದಳು. ಸಂಶೋಧನೆಗೆ ಏನು ತಗೊಂಡಳೆನ್ನುತ್ತೀರಿ? ಅಜ್ಜನ ಔಷಧ! ನನ್ನನ್ನು ಒಂದು ಮಾತು ಕೇಳದೆ, ಸಣ್ಣವಳಿದ್ದಾಗ ನನ್ನ ಕೈಯಲ್ಲಿ ನೋಡಿದ್ದ ಮೂರು ಎಲೆಗಳನ್ನು ಒಯ್ದು, ಒಣಗಿಸಿ, ಕುಟ್ಟಿ, ಬಾಟಲಿಗೆ ತುಂಬಿ ಆರು ತಿಂಗಳು ಪರೀಕ್ಷೆ ಮಾಡಿದಳು. ಆರು ತಿಂಗಳು! ಒಂದು ದಿನ ಮುಖ ಸಣ್ಣ ಮಾಡಿಕೊಂಡು ಮನೆಗೆ ಬಂದಳು.

"ಅಜ್ಜಾ, ಮೂರರಾಗೂ ಏನಿಲ್ಲ. ಖರೆ ಹೇಳು, ನಾಕನೇದು ಐತೇನು?"

ಅದೇ ಪ್ರಶ್ನೆ, ಹಾಗೇ ತಲೆ ವಾರೆ ಮಾಡಿ. ನನಗೆ ಅಗಿಯಲು ಬಾಯಲ್ಲಿ ಏನೂ ಇರಲಿಲ್ಲ. ಹೇಳಿಬಿಟ್ಟೆ. ಹೇಳಿದ ಮರುದಿನ ಹೆದರುತ್ತಾ ಒಂದು ಕುರಿಯ ಗಾಯಕ್ಕೆ ಆ ಎಲೆ ಅರೆದು ತುಂಬಿದೆ, ಗುಣ ಹೋಗಿದೆಯೋ ನೋಡೋಣ ಎಂದು. ಹುಳಗಳು ಎಂದಿನ ಹಾಗೇ ಪಟಪಟ ಉದುರಿದವು. ಗುಣ ಒಂದು ಗುಂಜಿಯಷ್ಟೂ ಹೋಗಿರಲಿಲ್ಲ. ಬೇರೆ ಯಾರಾದರೂ ಖುಷಿಪಡುತ್ತಿದ್ದರು. ನಾನು ಹಟ್ಟಿಯ ಮೂಲೆಯಲ್ಲಿ ಕೂತು ಅತ್ತೆ. ಹಾಗಾದರೆ ಅವತ್ತು ಕಲ್ಲವ್ವನಿಗೆ ಹೇಳಿದ್ದರೂ ಏನೂ ಆಗುತ್ತಿರಲಿಲ್ಲವಲ್ಲ!

ರೇಣುಕಾ ಮತ್ತೆ ಮೊದಲಿನಿಂದ ಪರೀಕ್ಷೆ ಮಾಡಿ ಲೇಖನ ಬರೆದಳು. ಪರದೇಶದ ಒಂದು ಪತ್ರಿಕೆ ಅದನ್ನು ಅಚ್ಚು ಹಾಕಿತು. ನನ್ನ ಹೆಸರು ಹಾಕುತ್ತೇನೆ ಎಂದಾಗ, "ನನ್ನದು ಬ್ಯಾಡ, ನಿಮ್ಮಾಯಿ ಕಲ್ಲವ್ವನ ಹೆಸರು ಹಾಕು," ಎಂದಿದ್ದೆ. ಕೊನೆಯಲ್ಲಿ ಒಂದು ಸಾಲು ಹಾಕಿದಳು. ಅದನ್ನೊಮ್ಮೆ ಕಣ್ಣಾರೆ ನೋಡಬೇಕೆಂದು ಸೊಸೆ ಸಾವಿತ್ರಿಯ ಫೋನು ಹಿಡಿದು ಕೂತೆ. ಮೇಲಿನ ನಾಲ್ಕು ಸಾಲು ಕಂಡವು. ಕೆಳಗೆ ಎಳೆದರೆ ಕೀಲಿಯ ಚಿತ್ರ.

"ಮಾವಾರ, ಮುಂದ ಓದಾಕ ರೊಕ್ಕಾ ತುಂಬಬೇಕಂತರಿ," ಎಂದಳು ಸಾವಿತ್ರಿ.

ಹೋಳಿಗೆಯ ವಾಸನೆ ತೋರಿಸಿ ಬಾಗಿಲು ಹಾಕಿಕೊಂಡ ಹಾಗಾಯಿತು. ರೇಣುಕಾಗೆ ಫೋನು ಹಚ್ಚಿದೆ. ಬರೆದವರಿಗೆ ಅವರು ಏನೂ ಕೊಡುವುದಿಲ್ಲವಂತೆ, ತಿದ್ದಿ ಸರಿ ಎಂದವರಿಗೂ ಕೊಡುವುದಿಲ್ಲವಂತೆ, ಓದುವವರು ಮಾತ್ರ ಕೊಡಬೇಕಂತೆ. ಒಂದು ವರ್ಷ ಕಾದರೆ ಅವಳು ತನ್ನ ಪ್ರತಿಯನ್ನು ಕಾಲೇಜಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುವ ಹಾಗೆ ಇಡಬಹುದಂತೆ, ಅದು ಕರಾರು. "ಕುರಿ ನಮ್ಮದು, ಗಿಡ ನಮ್ಮದು, ಬರದಾಕಿ ನಮ್ಮ ಹುಡಿಗಿ, ಕೀಲಿ ಹಾಕಾಕ ಅವ ಯಾವನಲೇ?" ಎಂದು ಕಟ್ಟೆಯ ಮೇಲೆ ಕೂತು ವರ್ಷವಿಡೀ ಬೈದೆ. ವಿದ್ಯೆ ಎಲ್ಲರದು, ಅದನ್ನು ಮುಚ್ಚಿಟ್ಟವನಿಗೆ ಒಳ್ಳೆಯದಾಗುವುದಿಲ್ಲ ಎಂದೂ ಭಾಷಣ ಮಾಡಿದೆ. ಕೇಳಿದವರು ತಲೆದೂಗಿದರು. ಸಾವಿತ್ರಿ ಮಾತ್ರ ಸೆರಗು ಬಾಯಿಗೆ ಹಿಡಿದು ಒಳಗೆ ಹೋಗುತ್ತಿದ್ದಳು. ಯಾಕೆ ನಗುತ್ತಾಳೆಂದು ನನಗೆ ಬಹಳ ದಿನ ತಿಳಿಯಲಿಲ್ಲ.

ಇವತ್ತು ಆ ವರ್ಷ ಮುಗಿಯಿತು. ನಿನ್ನೆಯೇ ಊರಿಗೆ ಬಂದಿದ್ದ ರೇಣುಕಾ ಬೆಳಿಗ್ಗೆ ಲೇಖನವನ್ನೂ, ಪಕ್ಕದಲ್ಲಿ ಅದರ ಕನ್ನಡ ಅನುವಾದವನ್ನೂ ಜಾಲತಾಣದಲ್ಲಿ ಇಟ್ಟು, ಫೋನನ್ನು ನನ್ನ ಕೈಗೆ ಕೊಟ್ಟಳು. ಕೊನೆಯ ಸಾಲನ್ನು ಬೆರಳಿಟ್ಟು, ಅಕ್ಷರ ಕೂಡಿಸಿ ಓದಿದೆ: "ಈ ಎಲೆಯ ನೆರಳಲ್ಲೇ ಇದ್ದು, ಕೇಳಿದರೂ ಉತ್ತರ ಸಿಗದೆ ಹೋದ ನಮ್ಮ ಆಯಿ ಕಲ್ಲವ್ವನಿಗೆ." ಎರಡನೇ ಸಲ ಓದಲು ಆಗಲಿಲ್ಲ. ಅಕ್ಷರ ಕಾಣಲಿಲ್ಲ.

ಮಧ್ಯಾಹ್ನ ರನ್ನ ಬೆಳಗಲಿಯಿಂದ ಕಲ್ಲವ್ವನ ತಮ್ಮ ಯಲ್ಲಪ್ಪ ಫೋನು ಮಾಡಿದ. "ಓದಿದ್ನಿ ಮಾಮಾ. ಸೀತಾಫಲದ ತಪ್ಪಲ ಅಂದ್ರ ಇಷ್ಟನ ಏನು? ಆಡು ಸುದ್ದಾ ಮೂಸೂದಿಲ್ಲಲ್ಲೋ ಅದನ್ನ!" ಎಂದು ನಕ್ಕ. ಆಮೇಲೆ, "ನಮ್ಮಕ್ಕನ ಕೆಂಚ ಕುರಿನ್ನ ಅದ ಗಿಡಕ್ಕಲ್ಲ ಕಟ್ಟತಿದ್ದಿದ್ದು?" ಎಂದು ಕೇಳಿದ. ಹೌದು ಎಂದೆ. "ಇರಲಿ ಬಿಡು ಮಾಮಾ," ಎಂದು ಇಟ್ಟುಬಿಟ್ಟ. ಪರದೇಶದವರು ಹಾಕಿದ ಕೀಲಿ ಒಂದು ವರ್ಷದ್ದು, ನಾನು ಹಾಕಿದ್ದು ನಲವತ್ತು ವರ್ಷದ್ದು. ಸಾವಿತ್ರಿ ಸೆರಗು ಬಾಯಿಗೆ ಹಿಡಿದದ್ದು ಯಾಕೆಂದು ಆಗ ತಿಳಿಯಿತು.

ಸಂಜೆ ಹೋಳಿಗೆ ಮಾಡಿದರು. ಕಲ್ಲವ್ವನ ಫೋಟೋದ ಮುಂದೆ ಎಡೆ ಇಟ್ಟು, ಮಗ, ಸೊಸೆ, ರೇಣುಕಾ, ನಾನು ಪಡಸಾಲೆಯಲ್ಲಿ ಒಟ್ಟಿಗೆ ಊಟಕ್ಕೆ ಕೂತೆವು. ಮಗ ನನ್ನ ತಾಟಿಗೆ ತುಪ್ಪ ಸುರಿದ. ಎಲ್ಲರೂ ಒಂದೇ ಸಲ ಮಾತಾಡುತ್ತಿದ್ದರು. ಅದರ ನಡುವೆ ರೇಣುಕಾ ತಲೆ ವಾರೆ ಮಾಡಿ ಕೇಳಿದಳು: "ಅಜ್ಜಾ, ನಿಮ್ಮಪ್ಪ ನಿನ್ನ ಕಿವ್ಯಾಗ ಹೇಳಿದ್ದು ಒಂದ ಔಷಧನೋ, ಇನ್ನೂ ಅದಾವೋ?"

ನನ್ನ ಬಾಯ್ತುಂಬ ಹೋಳಿಗೆ ಇತ್ತು. ಅಗಿದೆ. ಇನ್ನೂ ಅಗಿದೆ. ಬಾಯಲ್ಲಿಟ್ಟರೆ ಕರಗುವ ಹೋಳಿಗೆಯನ್ನು ಇಷ್ಟು ಹೊತ್ತು ಅಗಿಯುವವರು ಯಾರೂ ಇಲ್ಲ. ಕಲ್ಲವ್ವ ಫೋಟೋದಿಂದ ನನ್ನ ಬಾಯನ್ನೇ ನೋಡುತ್ತಿದ್ದಳು.

ನುಂಗಿದೆ.

"ಇನ್ನೂ ಮೂರು ಅದಾವು," ಎಂದೆ. "ಬರಕೋ."