ಆಯಿಯ ಗೋರಟೆಗೆ ಕೊಟ್ಟೆ ಕಟ್ಟಿದ್ದು

ನಮ್ಮ ಶಿರಸಿ ಕಡೆಯ ಹೆಂಗಸರು ಯಾರ ಮನೆಗೆ ಹೋದರೂ ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಅಂಗಳದ ಹೂಗಿಡಗಳನ್ನು. ಮದುವೆಗೆ ಹೋಗಲಿ, ತಿಥಿಗೆ ಹೋಗಲಿ, ಎಲೆ ಹಾಕುವುದಕ್ಕೆ ಇನ್ನೂ ಹೊತ್ತಿದೆ ಎಂದು ತಿಳಿದ ಕೂಡಲೇ ಮೂರು ನಾಲ್ಕು ಜನ ಸೇರಿ ಮನೆಗೆ ಒಂದು ಸುತ್ತು ಹಾಕುತ್ತಾರೆ. ಹಿಂದಿರುಗುವಾಗ ಒಬ್ಬೊಬ್ಬರ ಕೈಚೀಲದಿಂದಲೂ ಯಾವುದಾದರೊಂದು ಗೆಲ್ಲು ಹೊರಗೆ ಇಣುಕುತ್ತಿರುತ್ತದೆ. ತಿಥಿಯ ವಡೆ ಹೇಗಿತ್ತೆಂಬುದು ಮರೆತುಹೋದರೂ ಆ ಮನೆಯ ಬಚ್ಚಲ ಹಿಂದೆ ಯಾವ ಬಣ್ಣದ ದಾಸವಾಳವಿತ್ತೆಂಬುದು ಮರೆಯುವುದಿಲ್ಲ. ನಾನೂ ಅದೇ ಗುಂಪಿಗೆ ಸೇರಿದವಳು. ಅಂಥ ನನ್ನ ಸ್ವಂತ ಅಂಗಳದಲ್ಲಿ ಒಂದು ಗಿಡವೂ ನೆಟ್ಟಗೆ ನಿಲ್ಲುವುದಿಲ್ಲವೆಂದರೆ ನನ್ನ ಸಂಕಟ ಎಂಥದ್ದು ಎಂದು ನೀವೇ ಊಹಿಸಿ.

ತಪ್ಪು ನೆಲದ್ದು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಾವು ಮನೆ ಕಟ್ಟಿಸಿದ್ದು ಶಿರಸಿ ಪೇಟೆಯಿಂದ ಸ್ವಲ್ಪ ಹೊರಗೆ, ಮೊದಲು ದನ ಮೇಯುತ್ತಿದ್ದ ಒಂದು ಬೋಳು ಬೇಣದ ಮೇಲೆ. ಮೇಲೊಂದು ಗೇಣು ಕೆಂಪು ಮಣ್ಣು, ಅದರ ಕೆಳಗೆಲ್ಲ ಚಿರೇಕಲ್ಲಿನ ಹಾಸು. ಗುದ್ದಲಿ ಹಾಕಿದರೆ ಠಣ್ ಎನ್ನುತ್ತದೆ, ಮೊಳಕೈವರೆಗೆ ಜುಮ್ಮೆನ್ನುತ್ತದೆ. ಮಳೆಗಾಲದಲ್ಲಿ ಬಿದ್ದ ನೀರೆಲ್ಲ ಇಳಿಜಾರು ಹಿಡಿದು ಕೆಳಗಿನ ಮನೆಗಳವರ ತೊಂಡೆ ಚಪ್ಪರಕ್ಕೆ ಹೋಗುತ್ತದೆ. ದೀಪಾವಳಿ ಕಳೆಯಿತೋ, ಅಂಗಳ ಕಾದ ಕಾವಲಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ರವಿಕೆ ಹೊಲಿಯುತ್ತೇನೆ. ಬರುವವರೆಲ್ಲ ಹೆಂಗಸರು. ಗೇಟು ತೆಗೆದು ಒಳಗೆ ಬರುವುದರೊಳಗೆ ಅವರ ಕಣ್ಣು ಅಂಗಳವನ್ನೆಲ್ಲ ಜಾಲಾಡಿಬಿಟ್ಟಿರುತ್ತದೆ. ಊಟದ ತಟ್ಟೆಯಷ್ಟು ದೊಡ್ಡ ಹೂ ಬಿಡುವ ಡೇರೆ ನಮ್ಮಲ್ಲಿ ಹೆಂಗಸರ ಪ್ರತಿಷ್ಠೆ. "ಈ ವರ್ಷವೂ ಡೇರೆ ಹಾಕಿದ್ದಿಲ್ಯನೇ?" ಎಂದು ಕನಿಕರದಿಂದ ಕೇಳುತ್ತಾರೆ. ಅಂಥವರ ರವಿಕೆಯ ತೋಳು ಒಂದಿಷ್ಟು ಬಿಗಿಯಾದರೆ ಅದಕ್ಕೆ ನಾನು ಹೊಣೆಯಲ್ಲ.

ಈ ಡೇರೆಯ ಹುಚ್ಚು ಇಲ್ಲದ ಒಬ್ಬಳೇ ಒಬ್ಬ ಹೆಂಗಸನ್ನು ನಾನು ಕಂಡಿದ್ದೆ. ಅದು ನಮ್ಮ ಆಯಿ, ನನ್ನ ಹೆತ್ತಮ್ಮ. ಐದು ಮಕ್ಕಳು, ಕೊಟ್ಟಿಗೆ ತುಂಬ ದನ, ಮನೆ ತುಂಬ ನೆಂಟರು. ಇವೆಲ್ಲದರ ನಡುವೆ ಗಡ್ಡೆ ತೆಗೆದಿಟ್ಟು, ಮಡಿ ಮಾಡಿ, ಕೋಲು ಕೊಟ್ಟು ಡೇರೆ ಸಾಕುವ ಪುರುಸೊತ್ತು ಅವಳಿಗೆಲ್ಲಿಂದ ಬರಬೇಕು? ಅವಳಿಗಿದ್ದದ್ದು ಗೋರಟೆ. ಕೊಟ್ಟಿಗೆಗೆ ಹೋಗುವ ದಾರಿಯ ಪಕ್ಕದ, ಕಲ್ಲಿನ ದಿಬ್ಬದಂಥ ದರೆಯ ಮೇಲೆ ತನ್ನಷ್ಟಕ್ಕೆ ಬೆಳೆದುಕೊಂಡ ಗಿಡಗಳ ಸಾಲು. ತಿಳಿ ನೇರಳೆ ಹೂವು, ಎಸಳಿನ ನಡುವೆ ಬಿಳಿ ಗೀರು. ಉಳಿದವರ ಡೇರೆಯೆಲ್ಲ ಕೊಳೆತು ಮುಗಿದು, ಚಳಿಗೆ ನೆಲ ಒಣಗಿ ಬಿರಿಯುವ ಹೊತ್ತಿಗೆ ಇದು ಮೈತುಂಬ ಹೂ ಬಿಡುತ್ತಿತ್ತು. ನಾವು ಹೂವನ್ನು ಕಿತ್ತು ಬುಡದ ಸಿಹಿ ಚೀಪುತ್ತಿದ್ದೆವು. ಆಯಿ ಹಾಲು ಕರೆದು ಬರುವಾಗ ಸೆರಗಿನ ತುಂಬ ಹೂ ಕೊಯ್ದುಕೊಂಡು ಬಂದು, ಬಾಳೆ ನಾರಿನಲ್ಲಿ ದಂಡೆ ಕಟ್ಟಿ, ನಮ್ಮ ಜಡೆಗೆ ಸಿಕ್ಕಿಸಿ ಶಾಲೆಗೆ ಅಟ್ಟುತ್ತಿದ್ದಳು.

ನನಗೋ ಗೋರಟೆ ಎಂದರೆ ನಾಚಿಕೆ. ಬೇರೆ ಹುಡುಗಿಯರ ತಲೆಯಲ್ಲಿ ಘಮಘಮಿಸುವ ಸೇವಂತಿಗೆ, ನನ್ನ ತಲೆಯಲ್ಲಿ ವಾಸನೆಯೇ ಇಲ್ಲದ ಬೇಲಿ ಹೂ. ಒಂದು ದಿನ ಅತ್ತು ರಂಪ ಮಾಡಿದ್ದಕ್ಕೆ ಆಯಿ, "ನಿನ್ನ ತಲೆ ನಿಂಗೆ ಕಾಣ್ತನೇ? ನೋಡವ್ಕೆ ಚಂದ ಕಂಡ್ರೆ ಸಾಕು, ನಡಿ" ಎಂದು ಬೆನ್ನು ತಟ್ಟಿ ಹೊರಡಿಸಿದ್ದಳು. ಆಯಿ ಹೋಗಿ ಬಹಳ ಕಾಲವಾಯಿತು. ಈಗ ಯಾರಾದರೂ ಬುಟ್ಟಿ ತುಂಬ ಸೇವಂತಿಗೆ ತಂದು ಸುರಿದರೂ ನನಗೆ ಬೇಕಾದದ್ದು ಆ ನೇರಳೆ ದಂಡೆಯೇ.

ಆದರೆ ಆ ಗಿಡ ಎಲ್ಲಿದೆ? ತವರಿನಲ್ಲಿರುವ ನನ್ನ ತಮ್ಮ, ಕಾರು ನಿಲ್ಲಿಸುವುದಕ್ಕೆಂದು ಜೆಸಿಬಿ ತರಿಸಿ ದರೆಯನ್ನೇ ಕಡಿಸಿಬಿಟ್ಟ. ಅಂಗಳ ಎಷ್ಟು ಸಪಾಟಾಗಿದೆ ನೋಡು ಎಂದು ಫೋಟೋ ಬೇರೆ ಕಳಿಸಿದ್ದ. ಉಳಿದದ್ದು ಯಲ್ಲಾಪುರದ ಹತ್ತಿರ ಕೊಟ್ಟ ನನ್ನ ಅಕ್ಕ ಸಾವಿತ್ರಿ ಹಿಂದೆಂದೋ ಒಯ್ದು ನೆಟ್ಟ ಗೆಲ್ಲು. ಅದೂ ರಸ್ತೆ ಅಗಲ ಮಾಡುವಾಗ ಬೇಲಿ ಸಮೇತ ಹೋಯಿತು. ಬೇರು ಸಹಿತ ಕಿತ್ತಿಟ್ಟುಕೊಂಡಿದ್ದ ಒಂದೇ ಒಂದು ಬುಡವನ್ನು ಒಡಕು ಬಕೆಟ್ಟಿನಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು, ಹೋದ ವರ್ಷ ಮಳೆ ಹಿಡಿಯುವ ಮೊದಲು ಅಕ್ಕ ನಮ್ಮ ಮನೆಗೆ ಬಂದಳು. "ನೋಡು ಕೂಸೇ, ಆಯಿ ಗಿಡ ಅಂತ ಉಳಿದದ್ದು ಇದೊಂದೇಯ. ಯನ್ನಲ್ಲಿ ಇನ್ನು ಜಾಗ ಇಲ್ಲೆ. ನೀನೇ ಉಳಿಸ್ಕ್ಯ" ಎಂದಳು. ನಾನು ಬಕೆಟ್ಟನ್ನು ಎರಡೂ ಕೈಯಲ್ಲಿ ತಬ್ಬಿ ತೆಗೆದುಕೊಂಡೆ.

ಇಲ್ಲಿ ನಮ್ಮನೆಯವರ ಪ್ರವೇಶವಾಗುತ್ತದೆ. ಇವರು ಕೆಲಸ ಮಾಡುವುದು ಪೇಟೆಯ ಅಡಿಕೆ ವಖಾರಿಯಲ್ಲಿ, ಆದರೆ ಹುಟ್ಟಿದ್ದು ಸಿದ್ದಾಪುರದ ನಿಲ್ಕುಂದದ ಕಡೆಯ ತೋಟದ ಮನೆಯಲ್ಲಿ. ತೋಟದವರ ಪೈಕಿ ಒಂದು ನಂಬಿಕೆ ಉಂಟು. ನೆಲದಿಂದ ಮೇಲೆ ಹಸಿರಾಗಿ ನಿಂತದ್ದಕ್ಕೆಲ್ಲ ಗೊಬ್ಬರ ಬೇಕು, ಸೊಪ್ಪು ಬೇಕು, ಔಷಧಿ ಬೇಕು. ಇವಿಲ್ಲದೆ ಬದುಕುವ ಗಿಡವನ್ನು ಅವರು ಗಿಡ ಎಂದೇ ಒಪ್ಪುವುದಿಲ್ಲ. "ಈ ಕಲ್ಲಲ್ಲಿ ಎಂತ ಸತ್ವ ಇರ್ತು? ಚೊಲೋ ಹೊಂಡ ತೆಗೆದು ಗೊಬ್ಬರ ತುಂಬವು" ಎಂದರು. ಹಾರೆ ತಂದು ಚಿರೇಕಲ್ಲು ಒಡೆದರು. ಊರಿನಲ್ಲಿರುವ ಇವರ ಅಣ್ಣನ ಕೊಟ್ಟಿಗೆಯಿಂದ ಸ್ಕೂಟರಿನ ಮೇಲೆ ಗೊಬ್ಬರದ ಚೀಲ ಬಂತು. ಪೇಟೆಯ ನಡುವೆ ಸಿಗ್ನಲ್ಲಿನಲ್ಲಿ ಇವರ ಹಿಂದೆ ನಿಂತವರೆಲ್ಲ ಮೂಗು ಮುಚ್ಚಿಕೊಂಡರಂತೆ, ಇವರು ಮಾತ್ರ ಹೆಮ್ಮೆಯಿಂದ ತಿರುಗಿ ನೋಡಿದರಂತೆ. ಬುಡಕ್ಕೆ ಸೊಪ್ಪು ಹೊದೆಸಿದ್ದಾಯಿತು. ಇವರನ್ನೊಬ್ಬರನ್ನೇ ದೂರಿ ಪ್ರಯೋಜನವಿಲ್ಲ. ಅಕ್ಕಿ ತೊಳೆದ ನೀರು, ಬೇಳೆ ತೊಳೆದ ನೀರು, ಮಜ್ಜಿಗೆ ಪಾತ್ರೆ ತೊಳೆದ ನೀರು ಎಂದು ನಾನೂ ಹೊತ್ತುಹೊತ್ತಿಗೆ ಉಪಚಾರ ಮಾಡುತ್ತಿದ್ದೆ.

ಆಷಾಢದ ಮಳೆ ಜೋರಾದಾಗ ಇವರಿಗೆ ನಿದ್ದೆ ಬರಲಿಲ್ಲ. ಅಡಿಕೆಗೆ ಕೊಳೆರೋಗ ಬಾರದಿರಲೆಂದು ತೋಟದಲ್ಲಿ ಗೊನೆಗಳಿಗೆ ಪ್ಲಾಸ್ಟಿಕ್ಕಿನ ಚೀಲದಂಥ ಕೊಟ್ಟೆ ಕಟ್ಟುತ್ತಾರಲ್ಲ, ಅಂಥದ್ದೇ ಒಂದು ದೊಡ್ಡ ನೀಲಿ ಕೊಟ್ಟೆಯನ್ನು ತಂದು ಗೋರಟೆಯ ನೆತ್ತಿಯಿಂದ ಬುಡದವರೆಗೆ ಹಾಕಿ ಹಗ್ಗದಿಂದ ಬಿಗಿದರು. "ಕೊಳೆ ಬಂದ್ಮೇಲೆ ಎಂತ ಮಾಡಿರೂ ಆಗ್ತಿಲ್ಲೆ" ಎಂದು ಸಮಜಾಯಿಷಿ ಬೇರೆ. ಪಕ್ಕದ ಮನೆಯ ಮುಮ್ತಾಜ್ ಗೇಟಿನ ಹತ್ತಿರ ನಿಂತು ಬಹಳ ಹೊತ್ತು ನೋಡಿದಳು. ಅವಳ ಗಂಡನದು ಲಾರಿ ಕಸುಬು, ತಾಡಪಾಲು ಮುಚ್ಚುವುದೆಂದರೆ ಏನೆಂದು ಅವಳಿಗೆ ಗೊತ್ತು. "ಅಕ್ಕಾ, ಒಳಗೆ ಗಿಡಾನಾ ಇರೋದು? ನಾನು ಹೊಸಾ ಸ್ಕೂಟಿ ಅಂದ್ಕೊಂಡು ನಮ್ಮ ಮನೇಲೆಲ್ಲ ಹೇಳ್ಬಿಟ್ಟೆ" ಎಂದಳು. ಅವಳನ್ನು ನಿರಾಸೆಗೊಳಿಸಿದ್ದಕ್ಕೆ ನನಗೇ ಬೇಜಾರಾಯಿತು.

ಮಳೆ ನಿಂತ ಮೇಲೆ ಕೊಟ್ಟೆ ಬಿಚ್ಚಿದರು. ಗಿಡ ಬೆಳೆಯಿತು, ಇಲ್ಲವೆನ್ನುವುದಿಲ್ಲ. ಎಲೆ ಎಂದರೆ ಎಲೆ, ಅಂಗೈಯಷ್ಟು ಅಗಲ. ಚಳಿಗಾಲ ಬಂತು, ಹೋಯಿತು, ಒಂದು ಮೊಗ್ಗೂ ಕಾಣಲಿಲ್ಲ. ಅಕ್ಕ ಆಗಾಗ ಫೋನು ಮಾಡಿ, "ಹೂ ಬಂತನೇ?" ಎನ್ನುವಳು. "ಇನ್ನೂ ಇಲ್ಲೆ. ಎಲೆ ಮಾತ್ರ ರಾಶಿ ಚೊಲೋ ಬೈಂದು" ಎನ್ನುವೆ. "ಎಲೆ ತಲೆಗೆ ಮುಡಿತ್ಯನೇ?" ಎಂದು ಅವಳು ಫೋನಿಡುವಳು. ಈ ವರ್ಷದ ಮಳೆಗಾಲಕ್ಕೆ ಎಲೆ ಹಳದಿಯಾಗತೊಡಗಿತು. ಇವರು ಇನ್ನಷ್ಟು ಗೊಬ್ಬರ ಹಾಕಿದರು. ಅದು ಇನ್ನಷ್ಟು ಹಳದಿಯಾಯಿತು. ಸವರಿದರೆ ಚಿಗುರುತ್ತದೆಂದು ಕತ್ತಿ ತಂದು ಗೆಲ್ಲುಗಳನ್ನೆಲ್ಲ ಕಡಿದು, ಕಂಪೌಂಡಿನ ಆಚೆಯ ಖಾಲಿ ಸೈಟಿಗೆ ಎಸೆದರು. ನವರಾತ್ರಿಯ ಹೊತ್ತಿಗೆ ನಾನು ಬುಡ ಮುಟ್ಟಿ ನೋಡಿದರೆ ಗಿಡ ಕೈಗೇ ಬಂತು. ಬೇರೆಲ್ಲ ಕೊಳೆತು ಮೆತ್ತಗಾಗಿತ್ತು. ಆ ದಿನ ನಾನು ಊಟ ಮಾಡಲಿಲ್ಲ. ಇವರೂ ವಖಾರಿಗೆ ಹೋಗದೆ ಜಗುಲಿಯ ಮೇಲೆ ಕೂತಿದ್ದರು. ಆಯಿ ಎರಡನೇ ಸಲ ಹೋದಳು ಎನ್ನಿಸಿತು ನನಗೆ.

ಅಕ್ಕನಿಗೆ ಹೇಳುವ ಧೈರ್ಯವಾಗಲಿಲ್ಲ. ಹೇಳದಿದ್ದರೆ ಅವಳು ಬಿಡಬೇಕಲ್ಲ. ದೀಪಾವಳಿ ಕಳೆದು ಚಳಿ ಬಿದ್ದ ಮೇಲೆ, ಸ್ವರ್ಣವಲ್ಲಿ ಮಠಕ್ಕೆ ಹೋಗಿದ್ದವಳು ವಾಪಸು ಹೋಗುವಾಗ ಹೇಳದೆ ಕೇಳದೆ ನಮ್ಮ ಮನೆಗೆ ಬಂದುಬಿಟ್ಟಳು. ಅಂಗಳದ ನಡುವಿನ ಬರಿದಾದ ಹೊಂಡ ನೋಡಿದಳು, ನನ್ನ ಮುಖ ನೋಡಿದಳು, ಕೈಚೀಲವನ್ನು ಜಗುಲಿಯ ಮೇಲಿಟ್ಟಳು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ನಾನು ಕಣ್ಣೊರೆಸಿಕೊಂಡು ಚಹಾ ಮಾಡಲು ಒಳಗೆ ಹೋದೆ. ದುಃಖವಿರಲಿ, ಏನೇ ಇರಲಿ, ನಮ್ಮವರ ಚಾಳಿ ಬಿಟ್ಟೀತೇ? ಚಹಾ ಆಗುವುದರೊಳಗೆ ಅಕ್ಕ ಮನೆಗೆ ಒಂದು ಸುತ್ತು ಹಾಕಲು ಹೊರಟಿದ್ದಳು. ಹಾಲು ಇನ್ನೂ ಉಕ್ಕಿರಲಿಲ್ಲ, ಹಿತ್ತಲ ಕಡೆಯಿಂದ ಕೂಗಿದಳು: "ಏ ಕೂಸೇ, ಬಾರೇ ಇಲ್ಲಿ! ಓಡಿ ಬಾರೇ!"

ಅಕ್ಕ ಕಂಪೌಂಡಿನ ಮೇಲಿಂದ ಆಚೆ ಬಗ್ಗಿ ನೋಡುತ್ತಿದ್ದಳು. ಮನೆ ಕಟ್ಟುವಾಗ ಉಳಿದ ಚಿರೇಕಲ್ಲಿನ ಚೂರು, ಸಿಮೆಂಟಿನ ಹೆಂಟೆ, ಒಡೆದ ಹಂಚು ಎಲ್ಲ ಸುರಿದಿದ್ದ ಗುಡ್ಡೆ ಅದು. ಅದರ ಸಂದುಸಂದಿನಲ್ಲಿ ಗೋರಟೆ ನಿಂತಿತ್ತು. ಇವರು ಎಸೆದ ಗೆಲ್ಲುಗಳು ಮಳೆಗೆ ಬೇರು ಬಿಟ್ಟು, ಎಲೆಗಿಂತ ಹೆಚ್ಚು ಹೂ ಹೊತ್ತಿದ್ದವು. ಅದೇ ತಿಳಿ ನೇರಳೆ, ಅದೇ ಬಿಳಿ ಗೀರು. ನಾನು ಸುತ್ತು ಬಳಸಿ ಓಡಿಹೋಗಿ ಆ ಕಲ್ಲುಗಳ ಮೇಲೆ ಕುಕ್ಕರಿಸಿ ಗಟ್ಟಿಯಾಗಿ ಅತ್ತುಬಿಟ್ಟೆ. ಒಂದು ಹೂ ಕಿತ್ತು ಚೀಪಿದೆ. ಅಷ್ಟೇ ಸಿಹಿ.

ಹಿಂದೆಯೇ ಬಂದ ಅಕ್ಕ ಪಕ್ಕದಲ್ಲಿ ಕೂತು, "ಆಯಿ ಇದ್ಕೆ ಎಂತ ಮಾಡ್ತಿತ್ತು ನೆನಪಿದ್ದನೇ?" ಎಂದು ಕೇಳಿದಳು.

"ಎಂತ ಮಾಡ್ತಿತ್ತು?"

"ಎಂತದೂ ಮಾಡ್ತಿತ್ತಿಲ್ಲೆ. ನಮ್ಮ ಬೆಳೆಸ್ದಂಗೇ ಇದ್ನೂ ಬೆಳೆಸಿದ್ದು."

ಇಬ್ಬರೂ ಅಳುತ್ತ ನಕ್ಕೆವು. ಬಾಳೆ ನಾರು ಎಲ್ಲಿ ಸಿಗಬೇಕು? ನನ್ನ ಹೊಲಿಗೆಯ ನೇರಳೆ ದಾರದಲ್ಲೇ ಅಕ್ಕ ದಂಡೆ ಕಟ್ಟಿದಳು, ಆಯಿಯಂತೆಯೇ ಜಡೆ ಎಳೆದು ಸಿಕ್ಕಿಸಿದಳು. ಈಗ ಜಡೆ ಇಲಿಬಾಲದಷ್ಟಾಗಿದೆ, ಆದರೂ ದಂಡೆ ನಿಂತಿತು. ಬಸ್ಸು ಹತ್ತುವ ಮುಂಚೆ ಕಟ್ಟುನಿಟ್ಟಾಗಿ ಹೇಳಿದಳು: "ಇದ್ರ ಮುಟ್ಲಾಗ. ಗೊಬ್ಬರ ಬ್ಯಾಡ, ನೀರೂ ಬ್ಯಾಡ. ನಿನ್ನ ಗಂಡನ್ನ ಈ ಕಡೆ ಬಿಡಡ." ನಾನು ಆಯಿಯ ಮೇಲೆ ಆಣೆ ಮಾಡಿದೆ.

ಗಂಡನನ್ನು ತಡೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ, ನನ್ನನ್ನು ತಡೆದುಕೊಳ್ಳುವುದೇ ಕಷ್ಟ. ಮಾಘದ ಬಿಸಿಲಿಗೆ ಗಿಡ ಸ್ವಲ್ಪ ಸೊರಗಿದಂತೆ ಕಂಡರೂ ಕೈ ತಂಬಿಗೆಯ ಕಡೆ ಹೋಗುತ್ತದೆ. ಮೊನ್ನೆ ತಡೆಯಲಾರದೆ ಬೆಳಕು ಹರಿಯುವ ಹೊತ್ತಿಗೆ ಎದ್ದು, ಒಂದೇ ಒಂದು ತಂಬಿಗೆ ನೀರು, ಯಾರಿಗೂ ಗೊತ್ತಾಗದಂತೆ ಹಾಕಿ ಬಂದುಬಿಡೋಣ ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟೆ. ಅತ್ತ ಇತ್ತ ನೋಡುತ್ತ ಖಾಲಿ ಸೈಟಿಗೆ ಕಾಲಿಡುವಷ್ಟರಲ್ಲಿ ಮುಮ್ತಾಜ್ ಹಾಲಿನ ಪ್ಯಾಕೆಟ್ಟು ಹಿಡಿದು ಎದುರಾದಳು. ನನ್ನ ಸೆರಗು ನೋಡಿದಳು, ತಂಬಿಗೆ ನೋಡಿದಳು, ಖಾಲಿ ಸೈಟು ನೋಡಿದಳು. ಹತ್ತಿರ ಬಂದು ದನಿ ತಗ್ಗಿಸಿ, "ಯಾಕಕ್ಕಾ, ಮನೇದು ಕೆಟ್ಟಿದೆಯಾ? ಸಂಕೋಚ ಮಾಡ್ಕೋಬೇಡಿ, ನಮ್ಮನೇದು ಹೊರಗಡೇನೇ ಇದೆ. ಬನ್ನಿ" ಎಂದಳು.

ನಾನು ತಂಬಿಗೆಯ ನೀರನ್ನು ಅಲ್ಲೇ ರಸ್ತೆಗೆ ಚೆಲ್ಲಿ, ತಲೆ ತಗ್ಗಿಸಿ ಮನೆಗೆ ಬಂದೆ. ನನ್ನ ಮಾನ ಹೋಯಿತು, ಆಯಿಯ ಗಿಡ ಉಳಿಯಿತು.