ಗುಂಡಿಗೆ ಬಲಕ್ಕಿರುವ ಗುಮಾಸ್ತನ ರಜೆ

ಇಂದ:
ಮರುಳಪ್ಪ, ತೂಕದ ಗುಮಾಸ್ತ,
ಶ್ರೀ ಗಾಳೆಮ್ಮದೇವಿ ಶೇಂಗಾ ಮಾರಾಟ ಸಂಘ,
ಹಗರಿಬೊಮ್ಮನಹಳ್ಳಿ.

ಗೆ:
ಶ್ರೀ ಮಂಜಣ್ಣನವರು, ಕಾರ್ಯದರ್ಶಿಗಳು,
ಅದೇ ಸಂಘ, ಅದೇ ಊರು.

ದಿನಾಂಕ: 17-12-1981

ವಿಷಯ: ‘ಎದೆಯ ಕಾರಣ’ ಎಂದು ರಜೆ ಪಡೆದು ಊರೂರಲ್ಲಿ ಅಂಗಿ ಬಿಚ್ಚಿ ಕೂತ ಬಗ್ಗೆ ವಿವರಣೆ.

ಉಲ್ಲೇಖ: ಸುಗ್ಗಿಯಲ್ಲಿ ಗೈರುಹಾಜರಾದದ್ದೇಕೆಂದು ತಾವು ಸೋಮವಾರ ಕೊಟ್ಟ ನೋಟೀಸು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ರಜಾಚೀಟಿಯಲ್ಲಿ ನಾನು ಬರೆದ ‘ಎದೆಯ ಕಾರಣ’ ಎಂಬುದು ಅಕ್ಷರಶಃ ನಿಜವೆಂದು ಅರಿಕೆ ಮಾಡಿಕೊಳ್ಳುತ್ತೇನೆ.

1. ದೀಪಾವಳಿ ಕಳೆದ ಮೇಲೆ ಹಂಪಸಾಗರದಲ್ಲಿ ಆರೋಗ್ಯ ಶಿಬಿರ ನಡೆಯಿತು. ನೆಗಡಿಗೆ ಪುಕ್ಕಟೆ ಗುಳಿಗೆ ಸಿಗುವ ಕಾರಣ ನಾನೂ ಹೋದೆ. ಅಲ್ಲಿ ಮಾರ್ಗರೆಟ್ ಎಂಬ ಹುಡುಗಿ ಕೂತಿದ್ದರು. ಸ್ಕಾಟ್ಲೆಂಡಿನಲ್ಲಿ ಡಾಕ್ಟರಿಕೆ ಓದುತ್ತ, ಹಳ್ಳಿಯ ರೋಗಿಗಳನ್ನು ನೋಡಿ ಕಲಿಯಲು ನಮ್ಮ ಕಡೆ ಬಂದವರು. ನಮ್ಮ ಜನ ಅವರನ್ನು ಮಾರಗವ್ವ ಎಂದು ಕರೆಯುತ್ತಾರೆ. ಅವರು ನನ್ನ ಎಡ ಎದೆಗೆ ಕೊಳವೆ ಇಟ್ಟರು. ಸರಿಸಿ ಇಟ್ಟರು. ಕೊಳವೆ ಕೊಡವಿ ಮತ್ತೆ ಇಟ್ಟರು. ಮುಖ ಬಿಳಿಚಿಕೊಂಡು ನರ್ಸ್ ಗಿಡ್ಡಮ್ಮನವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು.

“ಏನಂತಾರ್ರಿ?” ಅಂದೆ.

“ನಿನಗ ಗುಂಡಿಗಿನ ಇಲ್ಲಂತ ನೋಡಪ್ಪ.”

“ಸಂಘದಾಗ ಕೆಲಸ ಮಾಡವ್ರಿಗೆ ಅದೇನು ಬೇಕಾಗಂಗಿಲ್ಲ ಬಿಡ್ರಿ,” ಎಂದು ದೊಡ್ಡ ದನಿಯಲ್ಲಿ ಹೇಳಿದೆನಾದರೂ, ಎಡ ಎದೆಯನ್ನು ನಾನೇ ಒಮ್ಮೆ ಮುಟ್ಟಿ ನೋಡಿಕೊಂಡೆ.

ದೊಡ್ಡ ಡಾಕ್ಟರು ಬಂದು ಬಲಕ್ಕೆ ಕೊಳವೆ ಇಟ್ಟು ನಕ್ಕರು. “ಐತಲ್ಲೋ! ಹುಟ್ಟಾ ಬಲಕ್ಕೈತಿ. ನಿನಗೇನೂ ಆಗಂಗಿಲ್ಲ, ಹೋಗು.” ಮಾರ್ಗರೆಟ್ ಅತ್ತೇಬಿಟ್ಟರು. ತಮ್ಮ ಕಿವಿಯೇ ಕೆಟ್ಟಿತೆಂದು ತಿಳಿದಿದ್ದರಂತೆ.

2. ಇಂಥ ಎದೆ ಓದುವ ಹುಡುಗರಿಗೆ ಸಿಗುವುದು ಅಪರೂಪವೆಂದು ಡಾಕ್ಟರು ಮುಂದಿನ ಶಿಬಿರಗಳಿಗೂ ಕರೆದರು. ಈವರೆಗೆ ಯಾರೂ ನನ್ನನ್ನು ಯಾತಕ್ಕೂ ಅಪರೂಪ ಎಂದಿರಲಿಲ್ಲ. ಆದ್ದರಿಂದ ಬನಿಯನ್ನಿಗೆ ನೀಲಿ ಹಾಕಿಸಿದೆ. ಬಲ ಎದೆ ತುಸು ಮುಂದೆ ಮಾಡಿ ನಡೆಯುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದೆ.

3. ಹಿರೇಹಡಗಲಿಯಲ್ಲಿ ಹೆಂಗಸರು ಮಾರ್ಗರೆಟ್ ಹತ್ತಿರ ಸುಳಿಯಲಿಲ್ಲ. ‘ಬಿಳಿ ಹುಡುಗಿ ಕೊಳವಿ ಇಟ್ಟು ರಗತ ಹೀರ್ತಾಳ’ ಎಂದು ಸುದ್ದಿಯಾಗಿತ್ತು. ನಾನು ಮೊದಲು ಕೂತು, ಕೊಳವೆ ಇಡಿಸಿಕೊಂಡು, ಜೀವಂತ ಎದ್ದು ನಿಂತೆ. ಆಮೇಲೆ ಸಾಲು ನಿಂತಿತು. ಅಂದಿನಿಂದ ಇದೇ ನನ್ನ ಉದ್ಯೋಗವಾಯಿತು. ತೂಕದ ಕೆಲಸ ಹಿಂದೆ ಬಿತ್ತು.

4. ಇನ್ನು ತಮ್ಮ ನೋಟೀಸಿನಲ್ಲಿ ಕೆಂಪು ಗೆರೆ ಎಳೆದ ದಿನ. ಅಂದು ಹರಪನಹಳ್ಳಿಯಲ್ಲಿ ಕರಿಸಿದ್ದಪ್ಪನವರ ಮಗಳು ದಾಕ್ಷಾಯಣಿಯೊಂದಿಗೆ ನನ್ನ ನಿಶ್ಚಿತಾರ್ಥ. ಹೆಣ್ಣು ನೋಡಲು ಹೋದಾಗ ಆಕೆ ಚಹಾ ಕೊಟ್ಟು, “ಬಲಕ್ಕೈತಂತ, ಹೌದ್ರಿ?” ಎಂದು ಮೆಲ್ಲಗೆ ಕೇಳಿ ನಕ್ಕಿದ್ದರು. ಆ ನಗುವಿನ ಕಾರಣ ನಾನು ರೇಷ್ಮೆ ಜುಬ್ಬಾ ಹೊಲಿಸಿದ್ದೆ. ಅಂದೇ ಹಂಪಸಾಗರದಲ್ಲಿ ಮತ್ತೊಮ್ಮೆ ಇದ್ದ ಶಿಬಿರದಲ್ಲಿ ಮುಖ ತೋರಿಸಿ ಮಧ್ಯಾಹ್ನದ ಬಸ್ಸು ಹಿಡಿಯುವ ವಿಚಾರವಿತ್ತು.

ಅಲ್ಲಿ ಮಾಳಮ್ಮ ಎಂಬ ಎಳೆಯ ಬಾಣಂತಿ ಕೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಾಗಿಲಲ್ಲೇ ನಿಂತಿದ್ದಳು. ಉಸಿರಿಗೊಮ್ಮೆ ಕೂಸಿನ ಪಕ್ಕೆ ಒಳಗೆ ಹೋಗುತ್ತಿತ್ತು. ಮಾರ್ಗರೆಟ್ ಕೈ ಚಾಚಿದರೆ ಹಿಂದೆ ಸರಿದಳು. ನಾನು ಜುಬ್ಬಾ ಬಿಚ್ಚಿ ಕೂತೆ. ಮಾರ್ಗರೆಟ್ ನನ್ನ ಎದೆಗೆ ಕೊಳವೆ ಇಟ್ಟು, ಇನ್ನೊಂದು ತುದಿಯನ್ನು ಮಾಳಮ್ಮನ ಕಿವಿಗೆ ಕೊಟ್ಟರು.

“ಅಯ್ಯ, ಕುಟ್ಟಾಕ ಹತ್ತೈತಲ್ಲ!” ಎಂದಳು. ಆಮೇಲೆ ಕೂಸನ್ನು ಕೊಟ್ಟಳು.

ದೊಡ್ಡ ಡಾಕ್ಟರು ಅಂದು ಕೂಡ್ಲಿಗಿಗೆ ಹೋಗಿದ್ದರು. ಮಾರ್ಗರೆಟ್ ಕೂಸಿನ ಬೆನ್ನಿಗೆ ಕಿವಿಗೊಟ್ಟು ಕೇಳಿ, ಜೀಪು ಎಂದರು, ಹೊಸಪೇಟೆ ಎಂದರು. ಮಾಳಮ್ಮ ನನ್ನ ತೋಳು ಹಿಡಿದಳು. “ಅಣ್ಣಾ, ನೀ ಬಂದ್ರ ಬರ್ತೀನಿ. ಇಲ್ಲಾಂದ್ರ ಒಲ್ಲೆ.”

ನಾನು ಹೊರಗೆ ನೋಡಿದೆ. ಹರಪನಹಳ್ಳಿ ಕಡೆಗೆ ಹೋಗುವ ಬಸ್ಸು ನಿಂತಿತ್ತು. ಜೀಪು ಹತ್ತಿದೆ.

ದಾರಿಯಲ್ಲಿ ಮಾರ್ಗರೆಟ್ ಕೂಸಿನ ಮೇಲಿನ ಕಣ್ಣು ತೆಗೆಯದೆ, ತಮಗೆ ಬರುವ ನಾಲ್ಕು ಮಾತಿನ ಕನ್ನಡದಲ್ಲಿ, “ನಂಗ ಹೆದ್ರಿಕಿ ಐತಿ,” ಎಂದರು.

“ನಂಗೂ ಐತ್ರಿ,” ಅಂದೆ.

ಹೊಸಪೇಟೆ ಆಸ್ಪತ್ರೆಯಲ್ಲಿ ಸೂಜಿ ಮಾಡಿ, ಮೂಗಿಗೆ ಗಾಳಿ ಕೊಟ್ಟರು. ಕೂಸು ಸಂಜೆ ಹೊತ್ತಿಗೆ ಮೊಲೆ ಹಿಡಿಯಿತು. ಮಾಳಮ್ಮ ಅಳುತ್ತ ನಗುತ್ತಿದ್ದಳು. ಮಾರ್ಗರೆಟ್ ವರಾಂಡದ ನೆಲದ ಮೇಲೆ ಗೋಡೆಗೊರಗಿ ಕೂತು ನಿದ್ದೆ ಹೋಗಿಬಿಟ್ಟರು. ಜುಬ್ಬಾದ ಮೇಲೆ ಕೂಸು ಕಕ್ಕಿದ್ದ ಕಾರಣ ಅದನ್ನು ಮುಂದೆ ಉಪಯೋಗಿಸಲಾಗಿಲ್ಲ.

5. ಮರುದಿನ ಹರಪನಹಳ್ಳಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಕರಿಸಿದ್ದಪ್ಪನವರು ಕೂರಲು ಹೇಳದೆ ಕೇಳಿದರು. “ಗುಂಡಿಗಿ ಅದರ ಜಾಗಾದಾಗಿಲ್ಲ ಅಂದ್ರೂ ಹೂಂ ಅಂದಿದ್ವಿ. ಮನುಷ್ಯಾನೂ ಜಾಗಾದಾಗ ಇರಲಿಲ್ಲ ಅಂದ್ರ ಹೆಂಗಪ್ಪ? ಬಂದ ಬೀಗರ ಮುಂದ ನಾವು ಏನಂತ ಹೇಳ್ಬೇಕಿತ್ತು?” ಒಳಬಾಗಿಲ ಪರದೆ ಅಲುಗಿದ್ದು ಗಾಳಿಗೋ ಏನೋ ತಿಳಿಯದು. ದಾಕ್ಷಾಯಣಿಯವರಿಗೆ ಈಗ ದಾವಣಗೆರೆಯ ಜವಳಿ ವ್ಯಾಪಾರಿಯೊಬ್ಬರು ನಿಶ್ಚಯವಾಗಿದ್ದಾರೆ. ಅವರ ಅಂಗಾಂಗಗಳೆಲ್ಲ ಸ್ವಸ್ಥಾನದಲ್ಲಿವೆ ಎಂದು ವಿಚಾರಿಸಲಾಗಿ ತಿಳಿದುಬಂದಿದೆ. ಆ ವಾರ ತೂಕದಲ್ಲಿ ಆದ ತಪ್ಪುಗಳಿಗೆ ಇದೇ ಕಾರಣ. ತಕ್ಕಡಿಯನ್ನು ದುರಸ್ತಿಗೆ ಕಳಿಸುವ ಅಗತ್ಯವಿಲ್ಲ.

ಆದ್ದರಿಂದ ಸದರಿ ಗೈರುಹಾಜರಿಯನ್ನು ಮನ್ನಿಸಬೇಕೆಂದು ಪ್ರಾರ್ಥಿಸುತ್ತೇನೆ.

ತಮ್ಮ ವಿಶ್ವಾಸಿಯೂ ಸದ್ಯ ಹಾಜರಿರುವವನೂ ಆದ,
ಮರುಳಪ್ಪ

ಲಗತ್ತುಗಳು:
(ಅ) ಡಾಕ್ಟರ ಪತ್ರ. ‘ಸಂಪೂರ್ಣ ಆರೋಗ್ಯವಂತ’ ಎಂದಿರುವ ಕಾರಣ ಕಾಯಿಲೆ ರಜೆಗೆ ಉಪಯೋಗವಿಲ್ಲ.
(ಆ) ಹರಪನಹಳ್ಳಿಯವರು ವಾಪಸು ಕಳಿಸಿದ ನನ್ನ ಭಾವಚಿತ್ರ. ನೋಡಿ ಮರಳಿಸುವುದು, ಮುಂದೆ ಬೇಕಾಗಬಹುದು.

ವಿ.ಸೂ.: ನಿನ್ನೆ ಸಂಜೆ ತಾವು ಖುದ್ದು ನಮ್ಮ ಮನೆಗೆ ಬಂದು, ತಮ್ಮ ತಾಯಿ ಗುರುಬಸಮ್ಮನವರಿಗೆ ಮೆಟ್ಟಿಲು ಹತ್ತಿದರೆ ತೇಕು ಬರುತ್ತದೆಂದೂ, ನಾಳೆ ಕೊಟ್ಟೂರಿನಲ್ಲಿ ಮಾರ್ಗರೆಟ್ ಅವರ ಕೊನೆಯ ಶಿಬಿರವೆಂದೂ ತಿಳಿಸಿ, “ಅವ್ವ ಹಠ ಹಿಡದಾಳ. ಮರುಳಪ್ಪ ಮೊದ್ಲು ಕುಂತ್ರನ ನಾನೂ ಕುಂದರ್ತೀನಿ ಅಂತಾಳ. ಬಂದ್ಬಿಡೋ ಮಾರಾಯಾ,” ಎಂದಿರಿ. ನಾಳೆ ಸಂಘದ ಕೆಲಸದ ದಿನ. ಕಾರಣ, ಆ ಹೊತ್ತು ನಾನು ರಜೆಯ ಮೇಲಿರುತ್ತೇನೋ ಕರ್ತವ್ಯದ ಮೇಲಿರುತ್ತೇನೋ ಎಂಬುದನ್ನು ಬಸ್ಸು ಹೊರಡುವ ಮೊದಲು ಬರವಣಿಗೆಯಲ್ಲಿ ತಿಳಿಸಬೇಕಾಗಿ ಕೋರಿದೆ.