ಸ್ಟೀಲ್ ಅಂದ್ರೆ ಲೋಟ

ನಮ್ಮ ಸೋದರಮಾವ ಹೆಣ್ಣು ಒಪ್ಪಿಕೊಳ್ಳಲು ತೆಗೆದುಕೊಂಡದ್ದು ಒಂದು ತಟ್ಟೆ ಉಪ್ಪಿಟ್ಟು ತಿಂದು ಮುಗಿಸುವಷ್ಟು ಹೊತ್ತು. ಜೇಬಿನಲ್ಲಿಟ್ಟುಕೊಳ್ಳುವ ಒಂದು ಮಡಚುವ ಚಾಕು ಒಪ್ಪಿಕೊಳ್ಳಲು ಬರೋಬ್ಬರಿ ಆರು ವರ್ಷ! ಇದು ನಾನು ಕಟ್ಟಿದ ಮಾತಲ್ಲ. ಆ ಉಪ್ಪಿಟ್ಟು ಮಾಡಿದ ನಮ್ಮ ಅತ್ತೆಯೇ ಬಂದವರಿಗೆಲ್ಲ ಹೇಳುತ್ತಿದ್ದರು. "ನನಗೊಂದು ಪರೀಕ್ಷೆ ಇಲ್ಲ, ಪಾಡಿಲ್ಲ. ಚಾಕುಗೆ ನೋಡ್ರಿ, ಐಎಎಸ್ ಪರೀಕ್ಷೆ!"

ಮಾವ ಮೊಳಕಾಲ್ಮೂರಿನಲ್ಲಿ ಮೇಷ್ಟ್ರು. ತೊಂಬತ್ತರ ದಶಕದ ಆ ದಿನಗಳಲ್ಲಿ ಭಾನುವಾರ ಬಂತೆಂದರೆ ಬಸ್ಸು ಹತ್ತಿ ಚಳ್ಳಕೆರೆಯ ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಪಾಪ, ಅಕ್ಕನ ಮೇಲೆ ಎಷ್ಟು ಪ್ರೀತಿ ಎಂದು ನಮ್ಮವ್ವ ಹಿಗ್ಗುತ್ತಿದ್ದಳು. ಅವರು ಚೀಲ ಇಳಿಸಿ, ನೀರನ್ನೂ ಕುಡಿಯದೆ, ನೇರ ಹೋಗುತ್ತಿದ್ದುದು ಪೇಟೆಯಲ್ಲಿದ್ದ ಭಾಯಿಯ ಕಬ್ಬಿಣದ ಅಂಗಡಿಗೆ! ಕಾಲೇಜು ಓದುತ್ತಿದ್ದ ನಾನೂ ತಮಾಷೆ ನೋಡಲು ಹಿಂದೆ ಹೋಗುತ್ತಿದ್ದೆ.

"ಬನ್ನಿ ಮೇಷ್ಟ್ರೇ, ಹೊಸಾ ಮಾಲ್ ಬಂದೈತೆ. ಅಸಲಿ ಸ್ಟೀಲ್!" ಎನ್ನುತ್ತಿದ್ದರು ಭಾಯಿ.

"ಸ್ಟೀಲ್ ಅಂದ್ರೆ ಲೋಟ ಕಣ್ರೀ. ನನಗೆ ಬೇಕಾಗಿರೋದು ಉಕ್ಕು."

"ಎರಡೂ ಒಂದೇ ಅಲ್ವಾ?"

ಅಯ್ಯೋ, ಕೇಳಬಾರದಿತ್ತು! ಅಲ್ಲಿಗೆ ಪಾಠ ಶುರು. ಪಾತ್ರೆ ಅಂಗಡಿಯಲ್ಲಿ ಪಳಪಳ ಹೊಳೆಯುವುದು ಸ್ಟೀಲು. ಕೊಡಲಿ, ಕುಡುಗೋಲುಗಳಲ್ಲಿ ಕಪ್ಪಗೆ ಕೂತಿರುವುದು ಉಕ್ಕು. ಸ್ಟೀಲಿಗೆ ತುಕ್ಕು ಹಿಡಿಯುವುದಿಲ್ಲ, ಕಲೆ ಆಗುವುದಿಲ್ಲ. ಮಾವನ ಪ್ರಕಾರ ಅದಕ್ಕೆ ಮಾನಮರ್ಯಾದೆಯೂ ಇಲ್ಲ!

ಪರೀಕ್ಷೆಯನ್ನಂತೂ ಕಣ್ಣಾರೆ ನೋಡಬೇಕಿತ್ತು. ಮೊದಲು ಚಾಕು ಬಿಚ್ಚಿ ಅಲಗಿಗೆ ಉಗುರಿನಿಂದ 'ಟಿಣ್' ಎಂದು ಹೊಡೆಯುವರು. ಕಣ್ಣು ಮುಚ್ಚಿ, ಕಿವಿ ವಾರೆ ಮಾಡಿ ಕೇಳುವರು. ಆ ನಾದ ಒಪ್ಪಿಗೆಯಾದರೆ ಜೇಬಿನಿಂದ ನಿಂಬೆಹಣ್ಣು ಹೊರಗೆ. ಅಲಗಿನ ಮೇಲೆ ಒಂದು ಹನಿ ಹಿಂಡಿ, ಟೀ ತರಿಸಿ, ಕುಡಿಯುತ್ತಾ ಕೂರುವರು. ಟೀ ಮುಗಿಯುವುದರೊಳಗೆ ಅಲ್ಲಿ ಕಪ್ಪಗೆ ಕಲೆಯಾಗಬೇಕು. ಆಗದಿದ್ದರೆ ಲೋಟ! ಕಲೆಯಾದರೂ ಬರೀ ಎಸ್ಸೆಸ್ಸೆಲ್ಸಿ ಪಾಸಾದ ಹಾಗೆ, ಅಷ್ಟಕ್ಕೇ ಕೆಲಸ ಸಿಗುವುದಿಲ್ಲ. ಆಮೇಲೆ ಗೋಣಿ ಹುರಿಯನ್ನು ಕೈ ಸೋಲುವ ತನಕ ಕತ್ತರಿಸುವರು. ಕೊನೆಗೆ ತಮ್ಮೂರಿನ ಮಗ್ಗದಿಂದ ತಂದ ಒಂದೆಳೆ ರೇಷ್ಮೆಯನ್ನು ಗಾಳಿಯಲ್ಲಿ ಇಳಿಬಿಡುವರು. ಅಷ್ಟೆಲ್ಲ ಹುರಿ ಕತ್ತರಿಸಿದ ಅಲಗು ಆ ಎಳೆಯನ್ನು ಎಳೆದಾಡದೆ ತುಂಡು ಮಾಡಬೇಕು. ಮೊಳೆ ಕೊಳ್ಳಲು ಬಂದವರೂ ಮೊಳೆ ಮರೆತು ನಿಂತುಬಿಡುತ್ತಿದ್ದರು. ನಗಲೆಂದು ಹೋದ ನನಗೂ ಮೈ ಜುಮ್ಮೆನ್ನುತ್ತಿತ್ತು. ಒಂದು ಚಾಕುವನ್ನು ಇಷ್ಟು ಭಕ್ತಿಯಿಂದ ನೋಡಲು ಸಾಧ್ಯವೇ!

ಒಮ್ಮೆ ಭಾಯಿ ದುಬೈಯಿಂದ ಬಂದ ಚಾಕು ತೋರಿಸಿದರು. ಮಾವ ಕನ್ನಡಕ ಏರಿಸಿ ಅಲಗಿನ ಮೇಲಿನ ಇಂಗ್ಲಿಷ್ ಅಕ್ಷರ ಓದಿದರು. "ಸ್ಟೇನ್‌ಲೆಸ್! ಕಲೆ ಆಗಲ್ಲ ಅಂತ ಅವ್ರೇ ಬರ್ಕೊಟ್ಟವ್ರಲ್ಲ ಭಾಯಿ! ಇನ್ನೇನ್ ನೋಡೋದು ಇದ್ರಾಗೆ?"

"ಅಲ್ಲಾಹ್! ಮೇಷ್ಟ್ರೇ, ನೀವು ಚಾಕು ತಗೋತೀರೋ, ಅದಕ್ಕೆ ಹೆಣ್ಣು ಕೊಡ್ತೀರೋ?"

ಆರನೆಯ ವರ್ಷ, ಹಳೇ ಮಾಲಿನ ಡಬ್ಬಿಯ ತಳದಲ್ಲಿ, ಮರದ ಹಿಡಿಯ ಒಂದು ಮಂಕು ಚಾಕು ಸಿಕ್ಕಿತು. 'ಟಿಣ್' ಎಂದಿತು. ನಿಂಬೆಗೆ ಕಪ್ಪಾಯಿತು. ಹುರಿ ಕತ್ತರಿಸಿತು. ರೇಷ್ಮೆಯ ಎಳೆ ಎರಡಾಗಿ ಒಂದು ತುಂಡು ಮೆಲ್ಲಗೆ ನೆಲಕ್ಕಿಳಿಯಿತು. ಮಾವ ಭಾಯಿಯನ್ನು ತಬ್ಬಿಕೊಂಡರು. ಭಾಯಿಯ ಕಣ್ಣಲ್ಲೂ ನೀರು, ಸದ್ಯ ಬಿಡುಗಡೆಯಾಯಿತಲ್ಲ ಎಂದಿರಬೇಕು!

ಆಮೇಲಿನ ವೈಭವ ಕೇಳಬೇಡಿ. ಬಸ್ಸಿನಲ್ಲಿ ಅವರು ಚಾಕು ಬಿಚ್ಚಿ ಸೌತೆಕಾಯಿ ಹೆಚ್ಚಿದರೆ ಹೋಳಿನ ಮೂಲಕ ಪೇಪರ್ ಓದಬಹುದಿತ್ತು. ಹೆಚ್ಚಿದ ಕೂಡಲೇ ಒರೆಸಿ, ಒಂದು ತೊಟ್ಟು ಕಡಲೆಕಾಯಿ ಎಣ್ಣೆ ಸವರಿ, ಮಡಚಿ ಜೇಬಿಗೆ. ಒಂದು ಚುಕ್ಕೆ ತುಕ್ಕು ಕಂಡರೂ ಅವತ್ತು ಊಟ ಸೇರುತ್ತಿರಲಿಲ್ಲ. ಇನ್ನೊಬ್ಬರು ಮುಟ್ಟುವುದಂತೂ ದೂರದ ಮಾತು. ಅತ್ತೆ ಕೇಳಿದರೂ "ಮನೇಲಿ ಈಳಿಗೆಮಣೆ ಐತಲ್ಲ!" ಎಂಬ ಉತ್ತರ.

ಹೀಗಿರುವಾಗ, ನನ್ನ ಮದುವೆಯಾಗಿ, ಹೆರಿಗೆಗೆಂದು ನಾನು ತವರಿಗೆ ಬಂದೆ. ಮಗಳು ಎಂಟನೇ ತಿಂಗಳಿಗೇ ಹುಟ್ಟಿಬಿಟ್ಟಳು. ಅಂಗೈಯಗಲದ ಕೂಸು. ಬೆಚ್ಚಗಿಡಿ, ಹುಷಾರಾಗಿ ನೋಡಿಕೊಳ್ಳಿ ಎಂದು ಡಾಕ್ಟರು ಮನೆಗೆ ಕಳಿಸಿದರು. ಅವರ ಮುಖದಲ್ಲೇ ಧೈರ್ಯವಿರಲಿಲ್ಲ, ನನಗೆಲ್ಲಿಂದ ಬರಬೇಕು? ಬಾಣಂತಿಯ ದಿಂಬಿನಡಿ ಕಬ್ಬಿಣವಿದ್ದರೆ ಗಾಳಿ ಸೋಕುವುದಿಲ್ಲವೆಂದು ನಮ್ಮವ್ವ ಅಡುಗೆಮನೆಯ ಚಾಕು ತಂದಿಟ್ಟಳು.

ಮಾವ ಬಂದರು. ತೊಟ್ಟಿಲ ಹತ್ತಿರ ನಿಂತು ಮಗುವಿನ ಅಳು ಕೇಳಿದರು. ಅಳುವೇ ಅದು? ಬೆಕ್ಕಿನ ಮರಿಯೂ ಅದಕ್ಕಿಂತ ಜೋರಾಗಿ ಕೂಗುತ್ತದೆ. ಕಿವಿ ವಾರೆ ಮಾಡಿದವರು ಮುಖ ತಿರುಗಿಸಿಕೊಂಡರು. ಆಮೇಲೆ ದಿಂಬಿನಡಿ ಕೈ ಹಾಕಿ ಆ ಚಾಕು ಎಳೆದರು.

"ಏನಕ್ಕ ಇದು, ಕೂಸಿನ ಪಕ್ಕ ಲೋಟ ಇಟ್ಟೀಯಲ್ಲ?"

"ದೆವ್ವ ಗಿವ್ವ ಎಲ್ಲ ಸುಳ್ಳು ಅಂತಿದ್ದೆಯಲ್ಲೋ ನೀನು?"

"ನನಗೆ ದೆವ್ವದ ಮೇಲೆ ನಂಬಿಕೆ ಇಲ್ಲ ಕಣಕ್ಕ. ದೆವ್ವಕ್ಕೆ ಉಕ್ಕಿನ ಮೇಲೆ ಐತೇನೋ, ಯಾರಿಗ್ಗೊತ್ತು?"

ಹಾಗೆಂದು ತಮ್ಮ ಚಾಕುವನ್ನು ಜೇಬಿನಿಂದ ತೆಗೆದು, ನನ್ನ ದಿಂಬಿನಡಿ ಇಟ್ಟು, ಬಸ್ಸಿಗೆ ಹೊತ್ತಾಯಿತೆಂದು ಹೊರಟೇಬಿಟ್ಟರು. ನಾನು ಬೆಪ್ಪಾಗಿ ನೋಡುತ್ತಾ ಮಲಗಿದ್ದೆ.

ಬಾಣಂತನ ಮುಗಿಯುವ ತನಕ ಅವರು ಮನೆಯ ಸ್ಟೀಲ್ ಚಾಕುವಿನಲ್ಲೇ ಸೌತೆಕಾಯಿ ಹೆಚ್ಚಿದರಂತೆ. "ದಪ್ಪ ದಪ್ಪ ಹೋಳು ಕಣೆ! ಬಾಯಿ ಮುಚ್ಕೊಂಡು ತಿಂದ್ರು," ಎಂದು ಅತ್ತೆ ಬಾಯಿ ಮೇಲೆ ಕೈಯಿಟ್ಟುಕೊಂಡು ಹೇಳಿದರು.

ಮಗು ಕೈಕಾಲು ತುಂಬಿಕೊಂಡಿತು. ಚಾಕು ಹಿಂದಿರುಗಿಸೋಣವೆಂದು ಒಂದು ಭಾನುವಾರ ದಿಂಬು ಎತ್ತಿ ಚಾಕು ಬಿಚ್ಚಿದೆ. ಅಯ್ಯೋ ದೇವರೇ! ರಾತ್ರಿ ನನ್ನ ಪಕ್ಕದಲ್ಲೇ ಮಲಗುತ್ತಿದ್ದ ನಮ್ಮ ಪುಟ್ಟ ರಾಣಿಯ ಉಚ್ಚೆ ಹಾಸಿಗೆ ದಾಟಿ ಚಾಕುವಿನವರೆಗೂ ಹೋಗಿ, ಅಲಗಿನ ತುಂಬಾ ಕೆಂಪಗೆ ತುಕ್ಕು. ಅಷ್ಟರಲ್ಲಿ ಮಾವ ಬಾಗಿಲಲ್ಲಿ!

ಅವರು ಚಾಕು ತೆಗೆದುಕೊಂಡು ಬೆಳಕಿಗೆ ಹಿಡಿದರು. ನಮ್ಮವ್ವ ಮೆಲ್ಲಗೆ, "ಉಜ್ಜಿದ್ರೆ ಹೋಗ್ತೈತೇನೋ," ಎಂದಳು.

"ಯಾಕ್ ಉಜ್ಜಬೇಕು? ನನ್ನ ಮೊಮ್ಮಗಳು ಮಾಡಿದ ಕಲೆ ಕಣಕ್ಕ ಇದು. ಇರ್ಲಿ ಬಿಡು."

ಚಾಕು ಜೇಬಿಗಿಳಿಯಿತು. ಮಾವ ತೊಟ್ಟಿಲ ಮೇಲೆ ಬಾಗಿ, ಮಲಗಿದ್ದ ಮಗುವಿನ ಅಂಗಾಲಿಗೆ ಉಗುರಿನಿಂದ ಮೆಲ್ಲಗೆ ಒಂದು ಏಟು ಕೊಟ್ಟರು. ಅದು ಬೀದಿಯವರೆಲ್ಲ ಇಣುಕುವಂತೆ ಕಿಟಾರನೆ ಕಿರುಚಿಕೊಂಡಿತು. ಅವರು ಕಣ್ಣು ಮುಚ್ಚಿ, ಕಿವಿ ವಾರೆ ಮಾಡಿ, ಕೂಗು ನಿಲ್ಲುವ ತನಕ ಕೇಳಿದರು. ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಉಕ್ಕು ಕಣವ್ವ," ಎಂದರು ನನಗೆ. "ಉಕ್ಕು!"